ಜೊತೆಗೆ ಓಡುವ ಮೇಷ್ಟ್ರು

ಅಣ್ಣಾ ನಗರದ ಟವರ್ ಪಾರ್ಕ್ ಗೊತ್ತಿಲ್ಲದ ಚೆನ್ನೈ ಕನ್ನಡಿಗರು ಕಡಿಮೆ. ಆದರೆ ಆ ಟವರಿಗೆ ಇಟ್ಟಿರುವ ಹೆಸರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು ಎಂದರೆ ಹತ್ತು ವರ್ಷದಿಂದ ಇಲ್ಲೇ ಇರುವವರೂ ಒಮ್ಮೆ ಹುಬ್ಬೇರಿಸುತ್ತಾರೆ. 1968ರ ವ್ಯಾಪಾರ ಮೇಳಕ್ಕೆಂದು ಕಟ್ಟಿದ 135 ಅಡಿ ಎತ್ತರದ ಗೋಪುರ ಅದು. ನೂರು ವರ್ಷ ದಾಟಿ ಬದುಕಿದ, ಕೊನೆಯವರೆಗೂ ಶಿಸ್ತಿನ ಮನುಷ್ಯ ಎಂದೇ ಹೆಸರಾದವರ ನೆನಪಿನ ಸುತ್ತ ಈಗ ದಿನಾ ಬೆಳಿಗ್ಗೆ ಜನ ನಡೆಯುತ್ತಾರೆ, ಓಡುತ್ತಾರೆ. ಚೆನ್ನೈ ಬಿಸಿಲಿಗೆ ಹೆದರಿ ಐದು ಗಂಟೆಗೇ ಬರುವವರಿದ್ದಾರೆ. ಏಳೂವರೆಯಾದರೆ ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಸೆಖೆ.

ಅಲ್ಲಿ ನಿಧಾನವಾಗಿ ಓಡುವವರಲ್ಲಿ ನಾನೂ ಒಬ್ಬ. ನಮ್ಮ ಕಾಲದಲ್ಲಿ, ಅಂದರೆ ಇಪ್ಪತ್ತು ವರ್ಷದ ಹಿಂದೆ, ಓಟ ಕಲಿಸುವುದು ಎಂದರೆ ಪಿ.ಟಿ. ಮೇಷ್ಟ್ರು ಸೀಟಿ ಊದುವುದು, ನಾವು ಮೈದಾನ ಸುತ್ತುವುದು ಅಷ್ಟೆ. ಈಗ ಐಟಿಯವರೆಲ್ಲ ದುಡ್ಡು ಕೊಟ್ಟು ಕೋಚ್ ಇಟ್ಟುಕೊಳ್ಳುವ ಕಾಲ. ಗಮನಿಸಿ ನೋಡಿದರೆ ಈ ಕೋಚ್‌ಗಳಲ್ಲಿ ಎರಡು ಜಾತಿ. ಒಬ್ಬರು ತಿರುವಿನಲ್ಲಿ ನಿಂತು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದಿರುತ್ತಾರೆ. ಇನ್ನೊಬ್ಬರು ಗುಂಪಿನ ಒಳಗೇ ಓಡುತ್ತಿರುತ್ತಾರೆ. ಎರಡನೆಯವರ ಗುಂಪು ದೂರದಿಂದಲೇ ಗೊತ್ತಾಗುತ್ತದೆ. ಅಲ್ಲಿ ಮಾತು ಕಡಿಮೆ, ನೆಪಗಳೂ ಕಡಿಮೆ.

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದು ಹೊಸತಲ್ಲ. ಕೋಡ್ ಬರೆಯುವುದನ್ನು ಬಿಟ್ಟು ಬರೀ ಮೀಟಿಂಗ್ ನಡೆಸುವ ಲೀಡ್ ಒಬ್ಬರಿರುತ್ತಾರೆ. ರಾತ್ರಿ ರಿಲೀಸ್ ಇದ್ದಾಗ ತಾನೂ ಕೂತು ಬಗ್ ಹುಡುಕುವ ಲೀಡ್ ಇನ್ನೊಬ್ಬರು. ಎರಡನೆಯವರ ಮೇಲೆ ತಂಡಕ್ಕೆ ಇರುವ ಗೌರವವೇ ಬೇರೆ. ಆದರೆ ಅವರು ಎಷ್ಟು ವರ್ಷ ಹಾಗೆ ಇರಬಲ್ಲರು? ಅವರ ಸ್ವಂತ ಕೆಲಸ ಯಾವಾಗ ಮುಗಿಯಬೇಕು?

ಇದೇ ಪ್ರಶ್ನೆಯನ್ನು ಓಟಕ್ಕೆ ಒಯ್ದು ನೋಡೋಣ. ಕಾಲೇಜು ಹುಡುಗ ಹುಡುಗಿಯರಿಗೆ ಗುಡ್ಡಗಾಡು ಓಟ ಕಲಿಸುತ್ತಾ, ತಾನೂ ದೇಶದ, ಜಗತ್ತಿನ ಮೇಲ್ಮಟ್ಟದಲ್ಲಿ ಸ್ಪರ್ಧಿಸುವುದು ಒಬ್ಬ ಮನುಷ್ಯನಿಗೆ ಸಾಧ್ಯವೇ? ಸಾಧ್ಯ ಎಂದು ತೋರಿಸಿದವರಿದ್ದಾರೆ. ಅದಕ್ಕೆ ಅವರು ಏನು ತೆತ್ತರು, ನಮ್ಮಲ್ಲಿ ಅಂಥವರು ಯಾಕೆ ಅಪರೂಪ ಎಂಬುದೇ ಈ ಲೇಖನದ ವಿಷಯ.

ಐದನೆಯವನ ಆಟ

ಮೊದಲು ಗುಡ್ಡಗಾಡು ಓಟದ ಬಗ್ಗೆ ಎರಡು ಮಾತು. ಇಂಗ್ಲಿಷಿನ ಕ್ರಾಸ್ ಕಂಟ್ರಿಗೆ ನಮ್ಮ ಪತ್ರಿಕೆಗಳು ಇಟ್ಟ ಹೆಸರು ಇದು. ಟ್ರ್ಯಾಕ್ ಇಲ್ಲ, ಟಾರು ರಸ್ತೆಯೂ ಇಲ್ಲ. ಹುಲ್ಲು, ಮಣ್ಣು, ಕೆಸರು, ಏರು, ಇಳಿಜಾರು. 1912ರಿಂದ 1924ರವರೆಗೆ ಇದು ಒಲಿಂಪಿಕ್ಸ್‌ನಲ್ಲೂ ಇತ್ತು. 1924ರ ಪ್ಯಾರಿಸ್ ಸ್ಪರ್ಧೆಯ ದಿನ ಎಂಥ ಬಿಸಿಲೆಂದರೆ ಹೊರಟ 38 ಜನರಲ್ಲಿ ಗುರಿ ಮುಟ್ಟಿದವರು 15 ಮಂದಿ ಮಾತ್ರ. ಗೆದ್ದವರು ಫಿನ್ಲೆಂಡಿನ ಪಾವೊ ನುರ್ಮಿ. ಅಲ್ಲಿಗೆ ಒಲಿಂಪಿಕ್ಸ್‌ನಿಂದ ಈ ಓಟವನ್ನು ಕೈಬಿಟ್ಟರು. ಆದರೆ ಶಾಲೆ ಕಾಲೇಜುಗಳಲ್ಲಿ ಅದು ಉಳಿಯಿತು. ನಮ್ಮಲ್ಲೂ ಪ್ರತಿ ವರ್ಷ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಗುಡ್ಡಗಾಡು ಓಟದ ಸ್ಪರ್ಧೆ ನಡೆಯುತ್ತದೆ.

ಈ ಆಟದ ಗುಟ್ಟು ಅಂಕ ಎಣಿಸುವ ಕ್ರಮದಲ್ಲಿದೆ. ಓಡುವವರು ಒಬ್ಬೊಬ್ಬರೇ ಆದರೂ ಗೆಲ್ಲುವುದು ತಂಡ. ಅಮೆರಿಕದ ಕಾಲೇಜುಗಳಲ್ಲಿ ಒಂದು ತಂಡದಿಂದ 7 ಜನ ಓಡುತ್ತಾರೆ. ಮೊದಲು ಬಂದ 5 ಜನರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಇದ್ದವರಿಗೆ ಗೆಲುವು. ಒಂದು ತಂಡದವರು 1, 2, 30, 40, 50ನೇ ಸ್ಥಾನ ಪಡೆದರೆ ಮೊತ್ತ 123. ಇನ್ನೊಂದು ತಂಡದವರು 15ರಿಂದ 19ರವರೆಗೆ ಒಟ್ಟಾಗಿ ಬಂದರೆ ಮೊತ್ತ 85. ಚಿನ್ನ, ಬೆಳ್ಳಿ ಎರಡೂ ಗೆದ್ದ ತಂಡ ಸೋತಿತು!

ಹಾಗಾಗಿ ಇಲ್ಲಿ ಕೋಚ್‌ನ ನಿಜವಾದ ಕೆಲಸ ಮೊದಲನೆಯವನ ಜೊತೆಗಲ್ಲ, ಐದನೆಯವನ ಜೊತೆಗೆ. ಐದನೆಯವನಿಗೆ ಪದಕವಿಲ್ಲ, ಫೋಟೋ ಇಲ್ಲ. ಎಂಟನೇ ಕಿಲೋಮೀಟರಿನಲ್ಲಿ ಅವನನ್ನು ಹಿಂದಿನಿಂದ ಬಂದ ನಾಲ್ಕು ಜನ ದಾಟಿದರೆ ತಂಡದ ಮೊತ್ತಕ್ಕೆ ನಾಲ್ಕು ಸೇರುತ್ತದೆ. ಅಲ್ಲಿ ಬಿಡದೆ ಹಿಡಿದುಕೊಳ್ಳುವುದನ್ನು ಬೋರ್ಡಿನ ಮೇಲೆ ಬರೆದು ಕಲಿಸಲಾಗದು. ಆ ಹೊತ್ತಿನ ಉಸಿರು ಹೇಗಿರುತ್ತದೆ ಎಂದು ತಿಳಿದವರು ಪಕ್ಕದಲ್ಲಿ ಓಡಿ ಕಲಿಸಿದರೆ ಅದು ಬೇರೆಯೇ ಪಾಠ.

ಬೋಸ್ಟನ್ ಯೂನಿವರ್ಸಿಟಿಯ ಕೋಚ್

ಅಮೆರಿಕದಲ್ಲಿ ಕಾಲೇಜಿಗೊಂದು ಗುಡ್ಡಗಾಡು ಓಟದ ತಂಡ, ಅದಕ್ಕೆ ಸಂಬಳದ ಕೋಚ್ ಇರುವುದು ಮಾಮೂಲು. ಹಾಗಾಗಿ ಕಾಲೇಜು ಕೋಚ್ ಮತ್ತು ಗಣ್ಯ ಓಟಗಾರ ಎರಡೂ ಒಬ್ಬರೇ ಆಗಿರುವ ಉದಾಹರಣೆ ಸಿಗುವುದೂ ಅಲ್ಲಿಯೇ. ಅವರಲ್ಲಿ ಎಲ್ಲರಿಗಿಂತ ಎತ್ತರದ ಹೆಸರು ಜೋನ್ ಬೆನಾಯ್ಟ್.

ಮೇನ್ ರಾಜ್ಯದ ಕಡಲತೀರದ ಹುಡುಗಿ. ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗಲೇ, 1979ರಲ್ಲಿ, ಬೋಸ್ಟನ್ ಮ್ಯಾರಥಾನ್ ಗೆದ್ದಿದ್ದರು. 1981ರ ಕೊನೆಗೆ ಎರಡೂ ಹಿಮ್ಮಡಿಯ ನರಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆ ಹೊತ್ತಿಗೆ ಅವರು ಬೋಸ್ಟನ್ ಯೂನಿವರ್ಸಿಟಿಯಲ್ಲಿ ಹುಡುಗಿಯರಿಗೆ ದೂರದ ಓಟದ ಕೋಚ್. ಅದೇ ನಗರದಲ್ಲಿ, 1983ರ ಏಪ್ರಿಲ್ 18ರಂದು, ಅವರು ಮತ್ತೆ ಬೋಸ್ಟನ್ ಮ್ಯಾರಥಾನ್‌ಗೆ ನಿಂತರು.

ಹಿಂದಿನ ದಿನವಷ್ಟೇ ಲಂಡನ್‌ನಲ್ಲಿ ನಾರ್ವೆಯ ಗ್ರೇಟೆ ವೈಟ್ಸ್ 2 ಗಂಟೆ 25 ನಿಮಿಷ 29 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯ ಮಟ್ಟ ಮುಟ್ಟಿದ್ದರು. (ವೈಟ್ಸ್ ಕೂಡ ಓಸ್ಲೋದಲ್ಲಿ ಶಾಲಾ ಶಿಕ್ಷಕಿಯಾಗಿದ್ದವರೇ.) ಒಂದೇ ದಿನದ ಅಂತರದಲ್ಲಿ ಬೆನಾಯ್ಟ್ 2 ಗಂಟೆ 22 ನಿಮಿಷ 43 ಸೆಕೆಂಡಿಗೆ ಗುರಿ ಮುಟ್ಟಿದರು. ದಾಖಲೆ ಎರಡೂಮುಕ್ಕಾಲು ನಿಮಿಷ ಕೆಳಗಿಳಿಯಿತು. ಕಿಲೋಮೀಟರಿಗೆ 3 ನಿಮಿಷ 23 ಸೆಕೆಂಡಿನ ಲೆಕ್ಕ. ಆ ವೇಗದಲ್ಲಿ ಟವರ್ ಪಾರ್ಕಿನಲ್ಲಿ ನಮ್ಮನ್ನು ಒಬ್ಬರು ದಾಟಿದರೆ, ಹಿಂದಿರುಗಿ ನೋಡುವಷ್ಟರಲ್ಲಿ ಬೆನ್ನು ಮಾತ್ರ ಕಾಣುತ್ತದೆ.

ಅವರ ತಂಡದ ಹುಡುಗಿಯರ ಕಡೆಯಿಂದ ಇದನ್ನು ಯೋಚಿಸಿ ನೋಡಿ. ತಮಗೆ ಏರು ರಸ್ತೆಯಲ್ಲಿ ಹೇಗೆ ಓಡಬೇಕೆಂದು ಹೇಳಿಕೊಡುವ ಕೋಚ್, ತಮ್ಮದೇ ಊರಿನ ರಸ್ತೆಯಲ್ಲಿ ಜಗತ್ತಿನ ಯಾವ ಹೆಂಗಸೂ ಓಡದಷ್ಟು ಬೇಗ ಓಡಿದ್ದಾರೆ. ಒಂದೂವರೆ ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದ ಕಾಲು ಅದು. ಗಾಯಗೊಂಡ ವಿದ್ಯಾರ್ಥಿನಿಗೆ "ತಾಳ್ಮೆಯಿರಲಿ, ವಾಪಸ್ ಬರುತ್ತೀಯ" ಎಂದು ಅಂಥ ಕೋಚ್ ಹೇಳಿದರೆ ಅದು ಬರೀ ಸಮಾಧಾನದ ಮಾತಾಗಿರುವುದಿಲ್ಲ.

ಆದರೆ ಮುಂದಿನ ಭಾಗವನ್ನೂ ಹೇಳಲೇಬೇಕು. 1984ರಲ್ಲಿ ಹೆಂಗಸರಿಗೆ ಮೊದಲ ಬಾರಿಗೆ ಒಲಿಂಪಿಕ್ ಮ್ಯಾರಥಾನ್ ಬಂತು. ಬೆನಾಯ್ಟ್ ಕೋಚ್ ಕೆಲಸ ಬಿಟ್ಟು ಊರಿಗೆ, ಮೇನ್‌ಗೆ ಮರಳಿ ಅಭ್ಯಾಸಕ್ಕೆ ಕೂತರು. ಆಯ್ಕೆ ಸ್ಪರ್ಧೆಗೆ 17 ದಿನ ಇರುವಾಗ ಮಂಡಿಗೆ ಶಸ್ತ್ರಚಿಕಿತ್ಸೆ. ಆದರೂ ಆಯ್ಕೆ ಸ್ಪರ್ಧೆ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ 2:24:52ಕ್ಕೆ ಓಡಿ ಚಿನ್ನ ಗೆದ್ದರು. ವೈಟ್ಸ್‌ಗೆ ಬೆಳ್ಳಿ. ಮೂರು ದಿನದ ನಂತರ ಅದೇ ಕ್ರೀಡಾಂಗಣದಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಅದು ನಮಗೆಲ್ಲ ನೆನಪಿದೆ.

ವಿಶ್ವದಾಖಲೆಯನ್ನು ಕೋಚ್ ಆಗಿರುವಾಗಲೇ ಮಾಡಿದ ಬೆನಾಯ್ಟ್, ಒಲಿಂಪಿಕ್ಸ್ ತಯಾರಿಗೆ ಮಾತ್ರ ತನ್ನ ಓಟವೊಂದನ್ನೇ ಉಳಿಸಿಕೊಂಡರು. ಎರಡೂ ಸಾಧ್ಯ, ಆದರೆ ಎಲ್ಲ ಕಾಲಕ್ಕೂ ಅಲ್ಲ.

ತನ್ನ ಮೈಮೇಲೇ ಪ್ರಯೋಗ

ಬೆನಾಯ್ಟ್‌ಗಿಂತ ಒಂದು ತಲೆಮಾರು ಹಿಂದೆ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬವರಿದ್ದರು. ಅವರು ಕಾಲೇಜಿನವರಲ್ಲ. ಬೂಟು ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಮನೆಮನೆಗೆ ಹಾಲು ಹಾಕುವ ಕೆಲಸವೂ ಇತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಬ್ಬ ಹಿರಿಯ ಗೆಳೆಯನ ಜೊತೆ ಐದು ಮೈಲಿ ಓಡಿ ಸುಸ್ತಾಗಿ ಬಿದ್ದರಂತೆ. ತನ್ನ ದೇಹಸ್ಥಿತಿ ಇಷ್ಟೇನಾ ಎಂದು ಅಲ್ಲಿಂದ ಪ್ರಯೋಗ ಶುರು. ವಾರಕ್ಕೆ ಎಷ್ಟು ಓಡಿದರೆ ದೇಹ ಗಟ್ಟಿಯಾಗುತ್ತದೆ, ಎಷ್ಟಾದರೆ ಮುರಿಯುತ್ತದೆ? ಕೇಳಲು ಪುಸ್ತಕವಿಲ್ಲ, ತಜ್ಞರಿಲ್ಲ. ವಾರಕ್ಕೆ 250 ಮೈಲಿಯವರೆಗೂ ಓಡಿ ನೋಡಿದರು. ಕೊನೆಗೆ ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್, ಸರಿಯಾದ ಅಳತೆ ಎಂದು ನಿಂತರು.

ಈ ಪ್ರಯೋಗದ ನಡುವೆ ಅವರು 1950ರ ಎಂಪೈರ್ ಗೇಮ್ಸ್‌ನ ಮ್ಯಾರಥಾನ್ ಓಡಿದರು. 1953 ಮತ್ತು 1955ರಲ್ಲಿ ನ್ಯೂಜಿಲೆಂಡಿನ ಮ್ಯಾರಥಾನ್ ಚಾಂಪಿಯನ್ ಆದರು. ಅಕ್ಕಪಕ್ಕದ ಹುಡುಗರು ಅವರ ಹಿಂದೆ ಓಡಲು ಶುರು ಮಾಡಿದರು. ಊರಾಚೆಯ ಬೆಟ್ಟದ ದಾರಿಯಲ್ಲಿ 22 ಮೈಲಿಯ ಭಾನುವಾರದ ಓಟ ಆ ಗುಂಪಿನ ಸಂಪ್ರದಾಯವಾಯಿತು.

1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ, ಒಂದು ಗಂಟೆಯೊಳಗೆ, ಅವರ ಇಬ್ಬರು ಶಿಷ್ಯರು ಚಿನ್ನ ಗೆದ್ದರು: 800 ಮೀಟರ್‌ನಲ್ಲಿ ಪೀಟರ್ ಸ್ನೆಲ್, 5000 ಮೀಟರ್‌ನಲ್ಲಿ ಮರ್ರೆ ಹಾಲ್‌ಬರ್ಗ್. ಹಾಲ್‌ಬರ್ಗ್‌ಗೆ ರಗ್ಬಿ ಆಟದಲ್ಲಿ ಪೆಟ್ಟಾಗಿ ಒಂದು ಕೈ ಸೊರಗಿತ್ತು. ಕೆಲವೇ ದಿನಗಳಲ್ಲಿ ಮೂರನೆಯ ಶಿಷ್ಯ ಬ್ಯಾರಿ ಮಗೀ ಮ್ಯಾರಥಾನ್‌ನಲ್ಲಿ ಕಂಚು ಗೆದ್ದರು. ಇಂದು ಯಾವ ಊರಿನ ಓಟದ ಗುಂಪಿಗೆ ಹೋದರೂ "ಮೊದಲು ಬೇಸ್ ಕಟ್ಟಿಕೊಳ್ಳಿ, ಆಮೇಲೆ ವೇಗ" ಎನ್ನುತ್ತಾರಲ್ಲ, ಆ ಮಾತು ಜಗತ್ತಿಗೆ ಹಬ್ಬಿದ್ದರಲ್ಲಿ ಲಿಡಿಯಾರ್ಡ್ ಪಾಲು ದೊಡ್ಡದು.

ತಾನು ತಿನ್ನದ ಔಷಧಿಯನ್ನು ಅವರು ಇನ್ನೊಬ್ಬರಿಗೆ ಕೊಡಲಿಲ್ಲ. ಕೋಚ್ ತಾನೇ ಓಡುವುದರ ದೊಡ್ಡ ಲಾಭ ಇದು. ವಾರದ ಪಟ್ಟಿಯಲ್ಲಿ 160 ಎಂದು ಬರೆಯುವ ಮೊದಲು 160 ಎಂದರೆ ಏನು ಎಂದು ಅವರ ಮೊಣಕಾಲಿಗೆ ಗೊತ್ತಿತ್ತು.

ಮೇಷ್ಟ್ರಿಂದ ಶಿಷ್ಯನಿಗೆ, ಶಿಷ್ಯನಿಂದ ರೂಮ್‌ಮೇಟಿಗೆ

ಮತ್ತೆ ಅಮೆರಿಕಕ್ಕೆ ಬರೋಣ. ಕನೆಕ್ಟಿಕಟ್ ರಾಜ್ಯದ ಗ್ರೋಟನ್ ಎಂಬ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಜಾನ್ ಜೆ. ಕೆಲ್ಲಿ ಎಂಬ ಇಂಗ್ಲಿಷ್ ಮೇಷ್ಟ್ರಿದ್ದರು. ಗುಡ್ಡಗಾಡು ಓಟದ ತಂಡವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಪಾಠ ಮುಗಿಸಿ ಹುಡುಗರ ಜೊತೆ ಓಡುತ್ತಿದ್ದ ಈ ಮೇಷ್ಟ್ರು 1957ರಲ್ಲಿ ಬೋಸ್ಟನ್ ಮ್ಯಾರಥಾನ್ ಗೆದ್ದವರು. 1956 ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಓಡಿದವರು. 1956ರಿಂದ 1963ರವರೆಗೆ ಸತತ 8 ವರ್ಷ ಅಮೆರಿಕದ ಮ್ಯಾರಥಾನ್ ಚಾಂಪಿಯನ್. ಆಗ ಓಟಕ್ಕೆ ದುಡ್ಡಿರಲಿಲ್ಲ, ಹೊಟ್ಟೆಗೆ ಮೇಷ್ಟ್ರ ಸಂಬಳವೇ ಗತಿ.

ಆ ತಂಡದಲ್ಲಿ ಆಂಬಿ ಬರ್ಫುಟ್ ಎಂಬ ಹುಡುಗನಿದ್ದ. ದೇಶದ ಚಾಂಪಿಯನ್ ತನ್ನ ಪಕ್ಕದಲ್ಲಿ ಸಾಧಾರಣ ಬೂಟು ಹಾಕಿಕೊಂಡು ಓಡುವುದನ್ನು ನೋಡುತ್ತಾ ಬೆಳೆದ. 1968ರಲ್ಲಿ, ವೆಸ್ಲಿಯನ್ ಯೂನಿವರ್ಸಿಟಿಯ ಕೊನೇ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಬರ್ಫುಟ್ ತಾನೂ ಬೋಸ್ಟನ್ ಮ್ಯಾರಥಾನ್ ಗೆದ್ದರು. ಅಲ್ಲಿ ಅವರ ರೂಮ್‌ಮೇಟ್ ಬಿಲ್ ರಾಜರ್ಸ್. ಆ ರೂಮ್‌ಮೇಟ್ ಮುಂದೆ 1975, 1978, 1979, 1980ರಲ್ಲಿ, ಒಟ್ಟು ನಾಲ್ಕು ಸಲ, ಅದೇ ಬೋಸ್ಟನ್ ಗೆದ್ದರು.

ಇಲ್ಲಿ ದಾಟಿಕೊಂಡು ಬಂದಿದ್ದು ತಾಂತ್ರಿಕ ಜ್ಞಾನ ಎಂದು ನನಗೆ ಅನ್ನಿಸುವುದಿಲ್ಲ. ಚಾಂಪಿಯನ್ ಎಂದರೆ ಟಿವಿಯಲ್ಲಿ ಕಾಣುವ ಬೇರೆ ಲೋಕದವನಲ್ಲ, ಮಳೆಯ ದಿನವೂ ಹೊರಗೆ ಹೋಗುವ ಮನುಷ್ಯ ಎಂಬ ತಿಳಿವಳಿಕೆ ಅದು. ಕೆಲ್ಲಿ ಅವರನ್ನು ನೋಡಿ ಬರ್ಫುಟ್ ಅದನ್ನು ಕಲಿತರು. ಹಾಸ್ಟೆಲ್ ಕೋಣೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಬೂಟು ಕಟ್ಟುವವನನ್ನು ನೋಡಿ ರಾಜರ್ಸ್ ಕಲಿತರು.

ಓಡದ ಕೋಚ್‌ಗಳೂ ಇದ್ದಾರೆ

ಇಷ್ಟು ಹೇಳಿದ ಮೇಲೆ, ಓಡುವವರು ಮಾತ್ರ ಒಳ್ಳೆಯ ಕೋಚ್ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅದಕ್ಕೆ ಸಾಕ್ಷಿ ಬ್ರದರ್ ಕಾಮ್ ಓಕಾನೆಲ್. ಐರ್ಲೆಂಡಿನಿಂದ 1976ರಲ್ಲಿ ಕೀನ್ಯಾದ ಇಟೆನ್ ಎಂಬ ಎತ್ತರದ ಊರಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಬಂದ ಭೂಗೋಳದ ಮೇಷ್ಟ್ರು. ಓಟದಲ್ಲಿ ತರಬೇತಿಯಿಲ್ಲ, ಸ್ವತಃ ಓಟಗಾರನೂ ಅಲ್ಲ. ಆದರೆ ಅವರ ಕೈಯಲ್ಲಿ ಬೆಳೆದವರಲ್ಲಿ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಗೆದ್ದ ಪೀಟರ್ ರೋನೊ ಇದ್ದಾರೆ. 2012ರ ಲಂಡನ್‌ನಲ್ಲಿ 1:40.91ರ ವಿಶ್ವದಾಖಲೆಯೊಡನೆ 800 ಮೀಟರ್ ಗೆದ್ದ ಡೇವಿಡ್ ರುಡಿಶಾ ಇದ್ದಾರೆ.

ತಾನು ಓಡದ ಕೋಚ್‌ಗೆ ಒಂದು ಅನುಕೂಲವಿದೆ. ಅವರ ಕಣ್ಣು ಪೂರ್ತಿ ಶಿಷ್ಯರ ಮೇಲೆ. ಗುಂಪಿನ ಒಳಗೆ ಓಡುವವರಿಗೆ ಪಕ್ಕದವರ ಉಸಿರು ಕೇಳುತ್ತದೆ, ಆದರೆ ಹಿಂದೆ ಬಿದ್ದ ಹುಡುಗಿ ಕುಂಟುತ್ತಿರುವುದು ಕಾಣುವುದಿಲ್ಲ. ತಿರುವಿನಲ್ಲಿ ನಿಂತವರಿಗೆ ಅದು ಮೊದಲು ಕಾಣುತ್ತದೆ.

ನಮ್ಮ ಕಡೆ

ಈಗ ನಮ್ಮ ಕಡೆ ಏನು ನಡೆಯಿತು ನೋಡೋಣ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅವರು ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿ 19ನೆಯವರಾದರು. ಅಂದಿನ ದೂರ ಮಾಮೂಲಿ 42.195 ಅಲ್ಲ, 42.75 ಕಿಲೋಮೀಟರ್. ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್. ಬೆಳಗಾವಿಯ ಒಬ್ಬರು ನೂರು ವರ್ಷದ ಹಿಂದೆ ಮಾಡಿದ ಈ ಸಾಧನೆ ನಮ್ಮ ಶಾಲೆಯ ಪಾಠಗಳಲ್ಲಿ ಎಲ್ಲೂ ಬರಲಿಲ್ಲ.

ಅದೇ 1920ರಲ್ಲಿ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ಅದು ಈಗಲೂ ನಂದನಂನಲ್ಲಿದೆ. ನಮ್ಮ ಅಣ್ಣಾ ನಗರದಿಂದ ದೂರವೇನಲ್ಲ, ಮೆಟ್ರೋ ಹತ್ತಿದರೆ ತಲುಪುತ್ತೀರಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ದಕ್ಷಿಣ ಭಾರತದ ಪಿ.ಟಿ. ಮೇಷ್ಟ್ರು ಎಂಬ ವೃತ್ತಿಯ ಬೇರು ಹುಡುಕಿಕೊಂಡು ಹೋದರೆ ಈ ಕಾಲೇಜಿನ ಅಂಗಳಕ್ಕೆ ಬಂದು ನಿಲ್ಲುತ್ತೇವೆ.

ಇಂದು ಕಾಲೇಜಿನಲ್ಲಿ ಈ ಹುದ್ದೆಯ ಹೆಸರು ದೈಹಿಕ ಶಿಕ್ಷಣ ನಿರ್ದೇಶಕ. ಸ್ನಾತಕೋತ್ತರ ಪದವಿ, ನೆಟ್ ಪರೀಕ್ಷೆ ಇತ್ಯಾದಿಗಳ ಜೊತೆ ಯುಜಿಸಿ ಒಂದು ಓಟದ ಪರೀಕ್ಷೆಯನ್ನೂ ಇಟ್ಟಿದೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್ ಓಡಬೇಕು ಅಥವಾ ನಡೆಯಬೇಕು. 40ರೊಳಗಿನವರಿಗೆ 1500 ಮೀಟರ್ ಸಾಕು. ಹೆಂಗಸರಿಗೆ ಇದು ಕ್ರಮವಾಗಿ 1000 ಮತ್ತು 800 ಮೀಟರ್. ಟವರ್ ಪಾರ್ಕಿನಲ್ಲಿ ಚುರುಕಾಗಿ ನಡೆಯುವ ಹಿರಿಯರು ಕೊನೆಯ ಲೆಕ್ಕವನ್ನು ಮಾತಾಡಿಕೊಂಡೇ ಮುಗಿಸುತ್ತಾರೆ. ಬೆನಾಯ್ಟ್ ಅವರ ಬೋಸ್ಟನ್ ವೇಗದಲ್ಲಿ 12 ನಿಮಿಷಕ್ಕೆ ಸುಮಾರು 3500 ಮೀಟರ್ ಆಗುತ್ತದೆ. ಎಲ್ಲರೂ ಬೆನಾಯ್ಟ್ ಆಗಬೇಕಿಲ್ಲ, ನಿಜ. ಆದರೆ ಆ ಹುದ್ದೆಯಿಂದ ನಾವು ಓಟವನ್ನು ಎಷ್ಟು ನಿರೀಕ್ಷಿಸುತ್ತೇವೆ ಎಂಬುದು ಈ ಅಂಕಿಯಲ್ಲೇ ಇದೆ. ಉಳಿದ ಹೊತ್ತು ಕ್ರೀಡಾಕೂಟದ ಕಡತ, ಜೆರ್ಸಿ ಬಿಲ್ಲು, ಪ್ರಯಾಣದ ಅನುಮತಿ, ಸ್ವಾತಂತ್ರ್ಯೋತ್ಸವದ ಪೆರೇಡು.

ಇನ್ನು ಓಡುವವರ ದಾರಿ ಬೇರೆ. ನಮ್ಮಲ್ಲಿ ಮೇಲ್ಮಟ್ಟದ ಓಟಗಾರರಿಗೆ ಅನ್ನ ಕೊಡುವುದು ಸೇನೆ, ರೈಲ್ವೆ, ಪೊಲೀಸ್. 1978ರಲ್ಲಿ ಜಲಂಧರ್‌ನಲ್ಲಿ 2:12:00ಕ್ಕೆ ಮ್ಯಾರಥಾನ್ ಓಡಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರೂ ಮುರಿಯದ ದಾಖಲೆ ಬರೆದ ಶಿವನಾಥ್ ಸಿಂಗ್ ಸೇನೆಯಲ್ಲಿದ್ದವರು. ಓಡುವ ವಯಸ್ಸು ಮುಗಿದ ಮೇಲೆ ಪಟಿಯಾಲದಲ್ಲೋ ಬೆಂಗಳೂರಿನಲ್ಲೋ ಎನ್‌ಐಎಸ್ ಡಿಪ್ಲೊಮಾ ಮಾಡಿ ಕೋಚ್ ಆಗಬಹುದು. ಉಷಾ ಅವರ ಗುರು ಓ.ಎಂ. ನಂಬಿಯಾರ್ ವಾಯುಪಡೆಯಿಂದ ಬಂದು ಪಟಿಯಾಲದಲ್ಲಿ ಕಲಿತು ಕೋಚ್ ಆದವರು. ಉಷಾ ತಾವು ಓಟ ಬಿಟ್ಟ ಮೇಲೆ 2002ರಲ್ಲಿ ಶಾಲೆ ತೆರೆದು ಟಿಂಟು ಲುಕಾ ಅವರನ್ನು ಬೆಳೆಸಿದರು. ನಮ್ಮ ಅಶ್ವಿನಿ ನಾಚಪ್ಪ ಕೊಡಗಿನಲ್ಲಿ ಶಾಲೆ ಕಟ್ಟಿದರು. ಎಲ್ಲವೂ ದೊಡ್ಡ ಕೆಲಸವೇ. ಆದರೆ ಎಲ್ಲದರಲ್ಲೂ ಕ್ರಮ ಒಂದೇ: ಮೊದಲು ಓಟ, ಆಮೇಲೆ ಪಾಠ. ಎರಡೂ ಒಟ್ಟಿಗೆ ನಡೆಯಲು ಯಾವ ಕುರ್ಚಿಯೂ ಇಲ್ಲ.

ತಮಿಳುನಾಡಿನ ಒಂದು ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್, ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುವ ತಂದೆತಾಯಿಯ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ನಂತರ ಪದಕ ಕಿತ್ತುಕೊಂಡರು, ಓಟ ನಿಂತುಹೋಯಿತು. ಆಕೆ ಊರಿನ ಮಕ್ಕಳಿಗೆ ಓಟ ಕಲಿಸಲು ಶುರು ಮಾಡಿದರು. ನಡುವೆ ಆ ಕೆಲಸವೂ ಹೋಗಿ, ಅದೇ ಇಟ್ಟಿಗೆ ಗೂಡಿನಲ್ಲಿ ದಿನಗೂಲಿ ಮಾಡುತ್ತಿರುವ ಸುದ್ದಿ 2012ರಲ್ಲಿ ಪತ್ರಿಕೆಗಳಲ್ಲಿ ಬಂತು. ಮುಂದೆ ಬೆಂಗಳೂರಿನಲ್ಲಿ ಕೋಚಿಂಗ್ ಡಿಪ್ಲೊಮಾ ಮುಗಿಸಿದರು. 2016ರಲ್ಲಿ ತಮಿಳುನಾಡು ಸರ್ಕಾರ ಖಾಯಂ ಕೋಚ್ ಕೆಲಸ ಕೊಟ್ಟಿತು. ಬೆನಾಯ್ಟ್ ಅವರಿಗೆ ಎರಡರಲ್ಲಿ ಒಂದನ್ನು ತಾವೇ ಆರಿಸಿಕೊಳ್ಳುವ ಅವಕಾಶವಿತ್ತು. ಶಾಂತಿಯವರ ಓಟವನ್ನು ಬೇರೆಯವರು ಮುಗಿಸಿದರು. ಉಳಿದಿದ್ದ ಒಂದೇ ಬಾಗಿಲು ಕಲಿಸುವುದು, ಅದನ್ನೂ ಹತ್ತು ವರ್ಷ ತಟ್ಟಬೇಕಾಯಿತು.

ಎರಡು ಗಡಿಯಾರ

ಕಲಿಸುತ್ತಲೇ ಸ್ಪರ್ಧಿಸುವವರಿಗೆ ಎರಡು ಗಡಿಯಾರ ಇರುತ್ತವೆ. ಒಂದು ಶಿಷ್ಯರದು, ಒಂದು ತನ್ನದು. ಎರಡೂ ಬೆಳಿಗ್ಗೆ ಐದಕ್ಕೇ ಬಡಿಯುತ್ತವೆ.

ಕಷ್ಟ ಎಲ್ಲಿದೆ ಎಂದರೆ, ಮೇಲ್ಮಟ್ಟದ ಓಟಗಾರರ ವಾರದಲ್ಲಿ ಬಹುಪಾಲು ಆರಾಮದ ಓಟ. ಅವರ ಆರಾಮದ ವೇಗ ಒಳ್ಳೆಯ ಕಾಲೇಜು ಓಟಗಾರನಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಅದನ್ನು ಹಂಚಿಕೊಳ್ಳಬಹುದು. ಆದರೆ ವಾರಕ್ಕೆ ಎರಡು ಮೂರು ದಿನದ ಬಿರುಸಿನ ಅಭ್ಯಾಸವನ್ನು ಹಂಚಿಕೊಳ್ಳಲಾಗದು. ಕೋಚ್ ತನ್ನ ವೇಗಕ್ಕೆ ಹೋದರೆ ಶಿಷ್ಯರು ಹಿಂದೆ, ಶಿಷ್ಯರ ವೇಗಕ್ಕೆ ಇಳಿದರೆ ತನ್ನ ಅಭ್ಯಾಸ ಹಾಳು. ಇನ್ನು ಸ್ಪರ್ಧೆಯ ಕ್ಯಾಲೆಂಡರ್. ಚಳಿಗಾಲದಲ್ಲೇ ನಮ್ಮ ದೊಡ್ಡ ಮ್ಯಾರಥಾನ್‌ಗಳೂ ಇವೆ, ಕಾಲೇಜು ಕೂಟಗಳೂ ಇವೆ. ತನ್ನ ಓಟದ ಹಿಂದಿನ ವಾರ ದೇಹಕ್ಕೆ ವಿಶ್ರಾಂತಿ ಬೇಕು. ಅದೇ ವಾರ ತಂಡವನ್ನು ರೈಲಿನಲ್ಲಿ ಇಪ್ಪತ್ತು ಗಂಟೆ ಕರೆದುಕೊಂಡು ಹೋಗಬೇಕು.

ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ತನಗೆ ಫಲ ಕೊಟ್ಟಿದ್ದು ಎಲ್ಲರಿಗೂ ಫಲ ಕೊಡುತ್ತದೆ ಎಂಬ ನಂಬಿಕೆ. ಮೂವತ್ತರ ಗಟ್ಟಿ ದೇಹ ತಡೆದ 160 ಕಿಲೋಮೀಟರ್, ಹಾಸ್ಟೆಲ್ ಸಾರು ತಿಂದು ಬೆಳೆಯುತ್ತಿರುವ ಹದಿನೆಂಟರ ಹುಡುಗಿಯ ಮೂಳೆಗೆ ಒಗ್ಗದಿರಬಹುದು. ಜೊತೆಗೆ ಓಡುವವರ ಮಾತಿಗೆ ತೂಕ ಜಾಸ್ತಿ, ಆದ್ದರಿಂದ ಅವರ ತಪ್ಪಿಗೂ ತೂಕ ಜಾಸ್ತಿ.

ಹಾಗಿದ್ದರೆ ದಾರಿಯೇನು? ನನಗೆ ಕಾಣುವುದು ಇಷ್ಟು. ಕಾಲೇಜುಗಳು ಓಡುತ್ತಿರುವ ಒಬ್ಬ ಓಟಗಾರನನ್ನೋ ಓಟಗಾರ್ತಿಯನ್ನೋ ಮೂರು ನಾಲ್ಕು ವರ್ಷಕ್ಕೆ ಸಹಾಯಕ ಕೋಚ್ ಆಗಿ ತೆಗೆದುಕೊಳ್ಳಬಹುದು. ಕಡತದ ಕೆಲಸ ಬೇಡ, ಅದಕ್ಕೆ ನಿರ್ದೇಶಕರಿದ್ದಾರೆ. ಸ್ಟಾಪ್‌ವಾಚ್ ಹಿಡಿದು ಹೊರಗಿನಿಂದ ನೋಡಲು ಒಬ್ಬರು, ಒಳಗೆ ಓಡಲು ಇನ್ನೊಬ್ಬರು. ಓಟಗಾರನಿಗೆ ಸಂಬಳ, ಊಟ, ಅಭ್ಯಾಸಕ್ಕೆ ಮೈದಾನ ಸಿಗುತ್ತದೆ. ವಿದ್ಯಾರ್ಥಿಗಳಿಗೆ ದಿನಾ ಕಣ್ಣೆದುರು ಒಂದು ಮಾದರಿ ಸಿಗುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆಸಿದ ಮೂಡುಬಿದಿರೆಯಂಥ ಊರುಗಳಲ್ಲಿ ಟ್ರ್ಯಾಕ್ ಇದೆ, ಹಾಸ್ಟೆಲ್ ಇದೆ, ಸುತ್ತ ಏರಿಳಿತದ ದಾರಿಯಿದೆ. ಈ ಪ್ರಯೋಗ ಅಲ್ಲಿಂದ ಶುರುವಾದರೂ ಆಗಬಹುದು.

ನಮ್ಮ ಓದುಗರಲ್ಲಿ ಅನೇಕರು ಮಕ್ಕಳನ್ನು ಓಟಕ್ಕೆ ಸೇರಿಸಲು ಕೋಚ್ ಹುಡುಕುತ್ತಿರುತ್ತೀರಿ. ಚೆನ್ನೈಯಾಗಲಿ, ಪುಣೆಯಾಗಲಿ, ಕೇಳಬೇಕಾದ ಪ್ರಶ್ನೆಗಳು ಒಂದೇ. ಕೋಚ್ ಓಡುತ್ತಾರೆಯೇ? ಓಡುವುದಾದರೆ, ಅವರು ಓಡುವ ಹೊತ್ತಿನಲ್ಲಿ ಮಕ್ಕಳನ್ನು ನೋಡುವವರು ಯಾರು? ಅವರ ಸ್ವಂತ ಸ್ಪರ್ಧೆಯ ವಾರದಲ್ಲಿ ತರಗತಿ ಯಾರ ಕೈಯಲ್ಲಿ? ಓಡದವರಾದರೆ, ಮಗುವಿನ ಹೆಸರು, ಹಿಂದಿನ ವಾರದ ನೋವು ಅವರಿಗೆ ನೆನಪಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬೆಳಿಗ್ಗೆ ದೂರ ನಿಂತು ಗುಂಪಿನ ಕೊನೆಯ ಮಗುವನ್ನು ನೋಡಿ. ಆ ಮಗು ಮುಗಿಸುವವರೆಗೆ ಕೋಚ್ ಅಲ್ಲೇ ಇದ್ದರೆ, ಅವರು ಓಡುವವರಾಗಲಿ, ನಿಲ್ಲುವವರಾಗಲಿ, ಧೈರ್ಯವಾಗಿ ಫೀಸು ಕಟ್ಟಿ.